ಅಧ್ಯಕ್ಷರ ಮುಗಿಯದ ಲಾಗಿನ್

ಎಮ್ಮಿಗನೂರಿನ ಹೊಸಮಗ್ಗ ನೇಕಾರರ ಸೊಸೈಟಿಗೆ ಅರ್ಜಿ ಮಂಜೂರು ಮಾಡುವ ವೆಬ್‌ಸೈಟ್ ಕಟ್ಟುವ ಕೆಲಸ ಗುಮಾಸ್ತೆ ಲಾವಣ್ಯಳ ತಲೆಗೆ ಬಂತು. ಮೂರು ತಿಂಗಳು ವಿಡಿಯೋ ನೋಡಿ ಅಷ್ಟಿಷ್ಟು ಕಲಿತಿದ್ದವಳು ಅವಳೊಬ್ಬಳೇ. ಎಲ್ಲ ಮುಗಿದ ಮೇಲೆ ಅಧ್ಯಕ್ಷ ಜಂಬುನಾಥ ಒಂದೇ ತಪ್ಪು ಹಿಡಿದರು. ಹದಿನೈದು ನಿಮಿಷ ಸುಮ್ಮನಿದ್ದರೆ ಸೈಟು ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು.

"ಅಧ್ಯಕ್ಷನ್ನ ದಿನಾ ನೀ ಯಾರಂತ ಕೇಳಿದ್ರ ಹ್ಯಾಂಗಮ್ಮ?"

"ಸಾರ್, ಲಾಗಿನ್ ಆದ್ರ ಸೈಟು ಆ ಕಂಪ್ಯೂಟರಿಗೆ ಒಂದು ಟೋಕನ್ ಕೊಡ್ತೈತಿ. ಅದಕ್ಕ ಕುಕಿ ಅಂತಾರ. ಅದು ಯಾರ ಕೈಯಾಗಿದ್ರ ಅವರೇ ಅಧ್ಯಕ್ಷರಂತ ಸೈಟು ನಂಬ್ತೈತಿ. ಅದಕ್ಕ ಬೇಗ ರದ್ದಾಗಬೇಕು."

"ನಂಬಲಿ ಬಿಡು. ಹತ್ತು ವರ್ಷ ನಂಬಲಿ."

ಹೀಗೆ ಮಾಡಬೇಡಿ ಎಂದು ವಿಡಿಯೋದವನು ಎರಡು ಸಲ ಹೇಳಿದ್ದ. ಆದರೆ ಅವನ ಮೇಲೆ ಅಧ್ಯಕ್ಷರಿರಲಿಲ್ಲ. ಲಾವಣ್ಯ ಹತ್ತು ವರ್ಷ ಎಂದು ಬರೆದಳು.

ಮುಂದಿನ ವಾರ ಜಂಬುನಾಥ ಮದುವೆಗೆಂದು ಆದೋನಿಗೆ ಹೋದರು. ಅಲ್ಲಿ ಸೂರಿಯ ಜೆರಾಕ್ಸ್ ಅಂಗಡಿಯಲ್ಲಿ ಲಾಗಿನ್ ಆಗಿ, ಸೈಟು ತಮ್ಮನ್ನು "ಬರ್ರಿ ಅಧ್ಯಕ್ಷರೇ" ಎಂದು ಸ್ವಾಗತಿಸುವುದನ್ನು ಬೀಗರಿಗೆ ತೋರಿಸಿ, ಲಾಗೌಟ್ ಆಗದೆ ಹಾಗೇ ಎದ್ದು ಹೋದರು.

ಸೋಮವಾರ ಆಫೀಸಿಗೆ ನೇಕಾರರು ಹಾರ ಹಿಡಿದು ಬಂದರು. ಎರಡು ವರ್ಷದಿಂದ ಕೊಳೆಯುತ್ತಿದ್ದ ಮಗ್ಗದ ಶೆಡ್ಡಿನ ನಲವತ್ತೊಂದು ಅರ್ಜಿಗಳು ಒಂದೇ ದಿನ ಮಂಜೂರಾಗಿದ್ದವು. ಹಾರ ಹಾಕಿಸಿಕೊಂಡ ಜಂಬುನಾಥ ಲಾವಣ್ಯಳನ್ನು ಒಳಗೆ ಕರೆದರು.

"ಯಾರು ಮಾಡ್ಯಾರ ಇದನ್ನ?"

"ಸೈಟಿನ ಪ್ರಕಾರ ನೀವೇ ಸಾರ್. ಆದೋನಿಯಿಂದ."

ಲಾವಣ್ಯ ಸೂರಿಗೆ ಫೋನ್ ಮಾಡಿದಾಗ ವಿಷಯ ತಿಳಿಯಿತು. ನೂಲು ತರಲು ಆದೋನಿಗೆ ಬಂದಿದ್ದ ಸೊಸೈಟಿಯ ನೇಕಾರಳು ಪೀರಮ್ಮ ತನ್ನ ಅರ್ಜಿ ಏನಾಯಿತೆಂದು ನೋಡಿಸಲು ಅವನಲ್ಲಿಗೆ ಹೋಗಿದ್ದಳು. ಸೈಟು ತೆರೆದರೆ ಪಾಸ್‌ವರ್ಡನ್ನೇ ಕೇಳಲಿಲ್ಲ. ಮಂಜೂರು ಮಾಡುವ ಬಟನ್ನುಗಳು ಸಾಲಾಗಿ ಬಂದವು. "ಇದನ್ನ ಒತ್ತಾಕ ಎರಡು ವರ್ಷ ಬೇಕಾತೇನಪ್ಪ ಅವರಿಗೆ?" ಎಂದು ಪೀರಮ್ಮ ತನ್ನದನ್ನು ಒತ್ತಿದಳು. ತನ್ನದೊಂದೇ ಆದರೆ ಚೆಂದವಲ್ಲವೆಂದು ಉಳಿದ ನಲವತ್ತನ್ನೂ ಒತ್ತಿದಳು.

"ರದ್ದು ಮಾಡಬೋದು ಸಾರ್," ಎಂದಳು ಲಾವಣ್ಯ. "ಕಾರಣ ಬರೀಬೇಕಾಗ್ತೈತಿ."

ಜೆರಾಕ್ಸ್ ಅಂಗಡಿಯಲ್ಲಿ ಅಧ್ಯಕ್ಷಗಿರಿ ಬಿಟ್ಟುಬಂದೆ ಎಂದು ಬರೆಯುವುದು ಹೇಗೆ? ಜಂಬುನಾಥ ಬಹಳ ಹೊತ್ತು ಹಾರದ ಎಸಳು ಕಿತ್ತರು.

"ನಾನೇ ಮಾಡೀನಿ. ಆ ಹತ್ತು ವರ್ಷನ ಐದು ನಿಮಿಷ ಮಾಡು."

ಲಾವಣ್ಯ ಹಳೆಯ ಲಾಗಿನ್‌ಗಳನ್ನೆಲ್ಲ ಸರ್ವರಿನಲ್ಲೇ ರದ್ದು ಮಾಡಿ, ಲಾಗೌಟ್ ಬಟನ್ನಿಗೆ ಕೆಂಪು ಬಣ್ಣ ಕೊಟ್ಟಳು. ತಿಂಗಳ ನಂತರ ಮೊದಲ ಶೆಡ್ಡಿನ ಪೂಜೆಯಲ್ಲಿ ಜಂಬುನಾಥ, ಬಡವರ ಅರ್ಜಿ ಕಂಡರೆ ತಮಗೆ ಕೈಕಟ್ಟಿ ಕೂರಲು ಆಗುವುದಿಲ್ಲವೆಂದು ಭಾಷಣ ಮಾಡಿದರು. ಶೆಡ್ಡಿನ ಒಡತಿ ಪೀರಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಲಾವಣ್ಯ ನೆಲ ನೋಡುತ್ತಾ ನಗು ನುಂಗಿಕೊಂಡಳು.