ನೂರು ಪ್ರಶ್ನೆ, ನೂರು ನಿಮಿಷ

ಹಣೆಬರಹಕ್ಕೆ ಬೇರೆ ಕೆಲಸವಿರಲಿಲ್ಲವೇನೋ, ಫಿಸಿಕ್ಸ್ ಮೇಡಂ ಪ್ರವೇಶ ಪರೀಕ್ಷೆಯ ಕೊಠಡಿ ಕಾಯಲು ಹೋದರೆ ಮೂರನೆಯ ಬೆಂಚಿನಲ್ಲಿ ಅವರದೇ ಶಿಷ್ಯೆ ಕೂತಿದ್ದಳು. ಲ್ಯಾಬ್ ಅಟೆಂಡರನ ಹಿರಿಮಗಳು. ಮೇಡಂ ಎರಡು ವರ್ಷ ನಡೆಸಿದ ವಿಶೇಷ ವಿಜ್ಞಾನ ತರಗತಿಯಲ್ಲಿ ಇವಳೇ ಮೊದಲು. ಇವತ್ತು ಗೆದ್ದರೆ ಮೆಡಿಕಲ್ ಸೀಟು, ಇಲ್ಲವಾದರೆ ಇಲ್ಲ. ಕೋಚಿಂಗಿಗೂ ಕಳಿಸಲೇ ಎಂದು ಅಪ್ಪ ಕೇಳಿದಾಗ ಮೇಡಮ್ಮೇ ತಡೆದಿದ್ದರು: "ಯಾಕಪ್ಪಾ? ಬುಡ ಗಟ್ಟಿಯಿದ್ರೆ ಯಾವ ಪರೀಕ್ಷೆ ಏನು ಮಾಡತ್ತೆ?"

ನೂರು ಪ್ರಶ್ನೆ, ನೂರು ನಿಮಿಷ. ನಾಲ್ಕು ಉತ್ತರಗಳಲ್ಲಿ ಸರಿಯಾದುದರ ವೃತ್ತಕ್ಕೆ ಮಸಿ ತುಂಬಬೇಕು, ಅಷ್ಟೇ.

ಇಪ್ಪತ್ತು ನಿಮಿಷವಾದ ಮೇಲೆ ಮೇಡಂ ಹತ್ತಿರ ಹೋಗಿ ಇಣುಕಿದರು. ಇನ್ನೂ ಒಂಬತ್ತನೆಯ ಪ್ರಶ್ನೆ! ಪ್ರಶ್ನೆಪತ್ರಿಕೆಯ ಖಾಲಿ ಜಾಗದಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ಚಿತ್ರ ಬರೆದು, ಬಾಣ ಎಳೆದು, ಸೂತ್ರವನ್ನು ಮೊದಲಿನಿಂದ ಹುಟ್ಟಿಸಿ, ಉತ್ತರವನ್ನು ಮತ್ತೊಮ್ಮೆ ತಾಳೆ ನೋಡುತ್ತಿದ್ದಾಳೆ. ಎಡಗೈಯಲ್ಲಿ ಆ ನಾಲ್ಕು ಉತ್ತರಗಳನ್ನು ಮುಚ್ಚಿಕೊಂಡಿದ್ದಾಳೆ ಬೇರೆ!

ಕಲಿಸಿದ್ದು ಇನ್ಯಾರು? "ಉತ್ತರ ನೋಡ್ಕೊಂಡು ಲೆಕ್ಕ ಮಾಡೋದು ಕಳ್ಳತನ ಕಣ್ರೇ, ಕೈಯಲ್ಲಿ ಮುಚ್ಕೊಂಡು ಮಾಡಿ" ಎಂದು ಎರಡು ವರ್ಷ ಗದರಿದವರು ಇವರೇ. ಪಕ್ಕದ ಬೆಂಚಿನ ಕೋಚಿಂಗ್ ಹುಡುಗಿ ನಾಲ್ಕರಲ್ಲಿ ಎರಡು ಉತ್ತರಗಳನ್ನು ನೋಡಿದೊಡನೆ ಹೊಡೆದುಹಾಕಿ, ಉಳಿದೆರಡರಲ್ಲಿ ಒಂದಕ್ಕೆ ಮಸಿ ಬಳಿದು, ಆಗಲೇ ಮೂವತ್ತನೆಯ ಪ್ರಶ್ನೆ ದಾಟಿದ್ದಳು.

ಕೊಠಡಿ ಕಾಯುವವರು ಸಮಯ ಹೇಳುವುದು ಬಿಟ್ಟು ಬೇರೆ ಮಾತಾಡುವಂತಿಲ್ಲ. ಮೂಲೆಯಲ್ಲಿ ಕ್ಯಾಮೆರಾ. ಒಂದು ಮಾತಾಡಿದರೂ, ಮೇಡಮ್ಮಿನ ಕೆಲಸ ಹಾಳಾಗಿಹೋಗಲಿ, ಹುಡುಗಿಯ ಪರೀಕ್ಷೆಯೇ ರದ್ದಾದೀತು. ಐವತ್ತು ನಿಮಿಷಕ್ಕೆ ಬೇಕೆಂದೇ ಅವಳ ಪಕ್ಕ ನಿಂತು, "ಅರ್ಧ ಸಮಯ ಮುಗೀತು!" ಎಂದು ಕೂಗಿದರು. ಹುಡುಗಿ ತಲೆ ಎತ್ತಿ ನಕ್ಕಳು. ಮೇಡಂ ಮೆಚ್ಚಿಕೊಂಡರು ಅಂದುಕೊಂಡಿರಬೇಕು, ಪೆದ್ದಿ! ಆಮೇಲೆ ಇನ್ನೂ ಅಚ್ಚುಕಟ್ಟಾಗಿ ಬರೆಯತೊಡಗಿದಳು. ಮೇಡಂಗೆ ಅಳು ಬಂತು. ಕಿಟಕಿಯ ಕಡೆ ತಿರುಗಿ ನಿಂತರು.

ಗಂಟೆ ಹೊಡೆದ ಮೇಲೆ ಉತ್ತರ ಹಾಳೆ ಎತ್ತಿಕೊಳ್ಳುತ್ತ ಎಣಿಸಿದರು. ನಲವತ್ತಮೂರು. ಕಣ್ಣಾಡಿಸಿದಷ್ಟೂ ಸರಿ, ಒಂದರ ಮೇಲೂ ಬೆರಳಿಡುವ ಹಾಗಿಲ್ಲ. ಆ ಸರಿಯನ್ನು ಕಟ್ಟಿಕೊಂಡು ಏನು ಮಾಡುವುದು?

ಹಾಳೆಗಳನ್ನು ಒಪ್ಪಿಸಿ ಮೇಡಂ ಹುಡುಗಿಯ ಜೊತೆ ಹೊರಬಂದರೆ, ಗೇಟಿನ ಹೊರಗೆ ಕಾಯುತ್ತಿದ್ದ ಅಪ್ಪ ಓಡಿ ಬಂದ. "ಹೇಗ್ ಮಾಡ್ದೆ ಮಗಳೇ?"

"ಎಲ್ಲಾ ಮಾಡಕ್ಕಾಗ್ಲಿಲ್ಲಪ್ಪಾ, ಟೈಮೇ ಸಾಲ್ಲಿಲ್ಲ. ಆದ್ರೆ ಮಾಡಿದ್ದು ಒಂದೂ ತಪ್ಪಿಲ್ಲ. ಬೇಕಾದ್ರೆ ಮೇಡಮ್ಮನ್ನೇ ಕೇಳು."

ಅಟೆಂಡರ್ ಮೇಡಮ್ಮಿನ ಕಡೆ ತಿರುಗಿ ಎರಡೂ ಕೈ ಜೋಡಿಸಿದ. "ಒಂದೂ ತಪ್ಪಿಲ್ವಂತೆ! ನಿಮ್ಮಿಂದ ಮೇಡಂ, ಎಲ್ಲಾ ನಿಮ್ಮಿಂದ. ಚಿಕ್ಕೋಳನ್ನೂ ಈ ವರ್ಷ ನಿಮ್ಮ ಕ್ಲಾಸಿಗೇ ಹಾಕ್ತೀನಿ."

ಬೇಡ ಎನ್ನಬೇಕೆಂದು ಮೇಡಂ ಬಾಯಿ ತೆರೆದರು. ಯಾಕೆ ಎಂದು ಅವನು ಕೇಳಿದರೆ, ಮಗಳ ಎದುರಿಗೇ ಏನೆಂದು ಹೇಳುವುದು?

"ಹಾಕಪ್ಪಾ" ಎಂದರು.