ನೋಯದ ಹೃದಯಕ್ಕೂ ತಪಾಸಣೆ ಬೇಕು

ಗಾಯ ಮಾಗಿದ ಮೇಲೆ ಆಸ್ಪತ್ರೆಯ ದಾರಿ ಮರೆಯುವುದು ನಮ್ಮೆಲ್ಲರ ಹಳೆಯ ರೂಢಿ. ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಯಜಮಾನರೂ ಅದಕ್ಕೆ ಹೊರತಲ್ಲ. ಅವರ ಎದೆಯಲ್ಲಿ ಬಡಿಯುತ್ತಿದ್ದುದು ದಾನವಾಗಿ ಬಂದ ಹೃದಯ. ಗುರುತಿಲ್ಲದ ಮನೆಯೊಂದು ತನ್ನವರನ್ನು ಕಳೆದುಕೊಂಡ ದಿನವೇ ಕೊಟ್ಟ ದಾನ. ಕಸಿಯಾಗಿ ಮೂರು ವರ್ಷ. ಮೊದಲು ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿದ್ದವರು ಈಗ ಎರಕದ ಕಬ್ಬಿಣದ ಹೊಲಿಗೆ ಯಂತ್ರವನ್ನು ಒಬ್ಬರೇ ಮೇಜಿಗೆ ಎತ್ತಿಡುತ್ತಿದ್ದರು. ಬಂದವರಿಗೆಲ್ಲ ಎದೆ ತಟ್ಟಿ ತೋರಿಸುತ್ತಿದ್ದರು.

ಹೃದಯದ ರಕ್ತನಾಳಗಳನ್ನು ನೋಡುವ ಆ ವರ್ಷದ ಆಂಜಿಯೋಗ್ರಾಂ ತಪಾಸಣೆಯ ದಿನ ಬಂದಾಗ ಮಾತ್ರ ಯಜಮಾನರು ಅಂಗಡಿಯಿಂದ ಏಳಲೇ ಇಲ್ಲ. ಕರೆದೊಯ್ಯಲು ಬಂದವಳು ನಾದಿನಿ. ಹೃದಯದ ಆಸ್ಪತ್ರೆಯಲ್ಲಿ ನರ್ಸ್.

"ಸದ್ದು ಮಾಡದ ಮಷೀನನ್ನ ನಾನು ಬಿಚ್ಚಲ್ಲ ಕಣಮ್ಮ. ಎದೆ ಒಂದಿನ ಚುರ್ ಅಂದಿಲ್ಲ. ಸುಮ್ಮನೆ ಯಾಕೆ ಕೆದಕೋದು?"

"ಅದು ಚುರ್ ಅನ್ನಲ್ಲ ಭಾವ, ಅದೇ ಕಷ್ಟ! ಕಸಿ ಮಾಡುವಾಗ ರಕ್ತನಾಳ ಹೊಲೀತಾರೆ. ನೋವಿನ ಸುದ್ದಿ ಹೊರೋ ನರಗಳನ್ನ ಹೊಲಿಯೋಕಾಗಲ್ಲ. ಒಳಗೆ ನಾಳ ಕಟ್ಟಿಕೊಳ್ತಿದ್ರೂ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ."

ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದ ಕೈ ನಿಂತಿತು. "ಗಟ್ಟಿಮುಟ್ಟಾದ ಹೃದಯ ಅಂತ ನಿಮ್ಮ ಆಸ್ಪತ್ರೆಯವರೇ ಹೇಳಿದ್ರು. ಅದರ ನಾಳ ಯಾಕೆ ಕಟ್ಟುತ್ತೆ?"

"ರೋಗದ ಜೊತೆ ಹೋರಾಡೋ ನಿಮ್ಮ ಮೈಯೊಳಗಿನ ಕಾವಲುಗಾರರಿಗೆ ಅದು ಇನ್ನೂ ಪರರ ಮನೆ ಮಗು. ನಾಳದ ಒಳಗೋಡೆಯನ್ನ ಮೆಲ್ಲಗೆ ಕೆರೀತಾನೇ ಇರ್ತಾರೆ. ಗೋಡೆ ಉದ್ದಕ್ಕೂ ದಪ್ಪ ಆಗಿ ರಕ್ತದ ದಾರಿ ಕಿರಿದಾಗುತ್ತೆ. ಅವರನ್ನ ತಣ್ಣಗಿಡೋದೇ ದಿನದ ಮಾತ್ರೆ. ಇದರ ಜೊತೆ ಬಿಪಿ, ಸಕ್ಕರೆ, ಕೊಬ್ಬು, ಬೀಡಿ ಸಿಗರೇಟು, ಕೆಲವು ವೈರಸ್ ಸೋಂಕು ಸೇರಿದ್ರಂತೂ ಉರಿಯೋ ಬೆಂಕಿಗೆ ತುಪ್ಪ."

"ಮಾತ್ರೆ ವಿಷಯ ಕೇಳು ಅವರನ್ನ!" ಅಂಗಡಿಯ ಹಿಂದಿನ ಮನೆಯಿಂದ ಹೆಂಡತಿಯ ದನಿ. "ಗಿರಾಕಿ ಬಂದ್ರೆ ಸಂಜೆ ಮಾತ್ರೆ ಮರೆತೇ ಹೋಗುತ್ತೆ."

"ಅಕ್ಕತಂಗಿ ಸೇರಿದ್ರೆ ಕೋರ್ಟೇ ಬೇಡ," ಎಂದು ಯಜಮಾನರು ನಗಲು ನೋಡಿದರು. ಯಾರೂ ನಗಲಿಲ್ಲ.

ನಾದಿನಿ ದನಿ ತಗ್ಗಿಸಿದಳು. "ಭಾವ, ಆ ಮನೆಯವರು ಕಣ್ಣೀರು ಒರೆಸಿಕೊಳ್ಳೋ ಮೊದಲೇ ಇದನ್ನ ಕೊಟ್ರು. ಅದನ್ನ ಕಾಯೋದು ನಿಮ್ಮ ಪಾಲಿನ ಪೂಜೆ ಅಲ್ವಾ?"

ಯಜಮಾನರು ಎಣ್ಣೆ ಕೈ ಒರೆಸಿಕೊಂಡು ಅಂಗಡಿಯ ಬಾಗಿಲೆಳೆದರು.

ತಪಾಸಣೆಯಲ್ಲಿ ಒಂದು ನಾಳ ಕಿರಿದಾಗಲು ಆರಂಭಿಸಿದ್ದು ಕಂಡಿತು. "ಬೇಗ ಪತ್ತೆಯಾಯ್ತು," ಎಂದ ವೈದ್ಯರು ಔಷಧಿ ಬದಲಿಸಿದರು.

ಈಗ ಹೊತ್ತಾದೊಡನೆ, ಎದುರಿಗೆ ಎಂಥ ಗಿರಾಕಿಯೇ ನಿಂತಿರಲಿ, ಯಜಮಾನರು ಎಲ್ಲರ ಮುಂದೆಯೇ ಮಾತ್ರೆ ನುಂಗುತ್ತಾರೆ. ಯಾರಾದರೂ ಕೇಳಿದರೆ ತಲೆಯೆತ್ತಿ ಹೇಳುತ್ತಾರೆ: "ದೊಡ್ಡ ಮನಸ್ಸಿನವರ ಹೃದಯ ಇದು. ಕಾಯೋ ಭಾಗ್ಯ ನನ್ನದು."

ಬಂಧುಗಳೇ, ನಿಮ್ಮ ಮನೆಯಲ್ಲೂ ಹೃದಯ ಕಸಿಯಾದವರಿದ್ದರೆ ನೋವಿಗಾಗಿ ಕಾಯಬೇಡಿ. ಮಾತ್ರೆ ತಪ್ಪಿಸಬೇಡಿ, ವೈದ್ಯರನ್ನು ಕೇಳದೆ ಬದಲಿಸಲೂ ಬೇಡಿ. ಬಿಪಿ, ಸಕ್ಕರೆ, ಕೊಬ್ಬು ಹತೋಟಿಯಲ್ಲಿರಲಿ, ಹೊಗೆ ದೂರವಿರಲಿ. ತಪಾಸಣೆಯ ದಿನ ಅವರ ಕೈ ಹಿಡಿದು ನೀವೇ ಕರೆದೊಯ್ಯಿರಿ. ಕೊಟ್ಟವರು ದೊಡ್ಡವರು, ಉಳಿಸಿಕೊಂಡು ನಾವೂ ದೊಡ್ಡವರಾಗೋಣ.