ಹಣಮವ್ವನ ಕೈಗುಣ

ಹಣಮವ್ವ ಕುರಿಯ ಹಣೆಗೆ ದೇವರ ಭಂಡಾರದ ಅರಿಶಿನ ಬಳಿಯುತ್ತಿದ್ದಳು. ಮಗಳು ಅರ್ಚನಾ ದೊಡ್ಡಿಯ ಬಾಗಿಲಲ್ಲೇ ನಿಂತಿದ್ದಳು.

"ಏನ ಹಂಗ ಗರ ಬಡದಾಕಿಗತೆ ನಿಂತಿ? ಹಗ್ಗ ತಗೊಂಡ ಬಾ. ನಿಮ್ಮ ಮಾಮಾ ಗಾಡಿ ತಗೊಂಡ ಹೊರಗ ಕುಂತಾನ."

ಘಟಪ್ರಭೆಗೆ ನೆರೆ ಬಂದಾಗ ಹಣಮವ್ವನ ತಮ್ಮ, ಮಸಗುಪ್ಪಿಯ ಬೀರಸಿದ್ದಪ್ಪನ ಹಿಂಡೆಲ್ಲ ಕೊಚ್ಚಿಹೋಗಿತ್ತು. ಹಿಂಡು ಕಳೆದುಕೊಂಡವನಿಗೆ ಬಳಗದವರು ಮನೆಗೊಂದು ಹೆಣ್ಣು ಕುರಿ ಕೊಟ್ಟು ದೊಡ್ಡಿ ತುಂಬಿಸುವುದು ಇವರಲ್ಲಿ ಹಿರಿಯರಿಂದ ಬಂದ ಪದ್ಧತಿ. ಇಲ್ಲವೆಂದವರ ಮನೆಯಲ್ಲಿ ಆಮೇಲೆ ಯಾರೂ ನೀರು ಸಹ ಮುಟ್ಟುವುದಿಲ್ಲ. ಅದರಲ್ಲೂ ಕೌಜಲಗಿಯ ಹಣಮವ್ವನ ಕುರಿಯೆಂದರೆ ಎಲ್ಲರಿಗೂ ಆಸೆ. ಹುಕ್ಕೇರಿ ಕಡೆಗೆ ಕೊಟ್ಟಿದ್ದ ಅಕ್ಕ ಉದ್ದವ್ವನಿಗೆ ಹಿಂದೊಮ್ಮೆ ಅವಳು ಒಂದು ಕುರಿ ಕೊಟ್ಟಿದ್ದಳು. ಮರುವರ್ಷ ಉದ್ದವ್ವನ ಹಿಂಡಿಗೆ ಬೇನೆ ಬಡಿಯಿತು. ಗದ್ದ ಬಾತು, ಕಣ್ಣು ಬಿಳಿಚಿ, ಕುರಿಗಳು ನಿಂತ ನಿಂತಲ್ಲೇ ಬಿದ್ದು ಸತ್ತವು. ಉಳಿದದ್ದು ಹಣಮವ್ವ ಕೊಟ್ಟದ್ದೊಂದೇ. "ಎಂಥಾ ಕೈಗುಣ ನೋಡ್ರಿ!" ಎಂದು ಜನ ಊರೂರಲ್ಲಿ ಹೇಳಿಕೊಂಡು ತಿರುಗಿದರು.

ಜನಕ್ಕೇನು, ಕಂಡದ್ದನ್ನು ಆಡಿದರು. ಅರ್ಚನಾ ಕಂಡದ್ದೇ ಬೇರೆ. ಕುರಿಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳುವಿನ ಮೇಲೇ ಅವಳ ಸಂಶೋಧನೆ. ಯಾವ ಹುಳು ಯಾವ ಔಷಧಕ್ಕೆ ಸಾಯುತ್ತಿಲ್ಲ, ಯಾಕೆ ಸಾಯುತ್ತಿಲ್ಲ ಎಂದು ಹುಡುಕುವುದರಲ್ಲೇ ಅವಳ ಪ್ರಾಯ ಸವೆದಿತ್ತು. ದೊಡ್ಡವ್ವ ಉದ್ದವ್ವನ ದೊಡ್ಡಿಯ ಹಿಕ್ಕೆ ಒಯ್ದು, ಅದರಿಂದ ಮರಿಹುಳು ಎಬ್ಬಿಸಿ, ಔಷಧದೊಳಗೆ ಬಿಟ್ಟು ನೋಡಿದ್ದಳು. ಹಾಳಾದವು, ಹಾಯಾಗಿ ಈಜುತ್ತಿದ್ದವು! ಆ ಸೀಮೆಯಲ್ಲೆಲ್ಲೂ ಅಂಥ ಹುಳು ಇರಲಿಲ್ಲ. ಎಲ್ಲಿಂದ ಬಂದವೆಂದು ತಿಳಿಯದೆ ತಲೆ ಕೆಡಿಸಿಕೊಂಡಿದ್ದವಳು, ಹೋದ ಸಲ ಊರಿಗೆ ಬಂದಾಗ ಅವ್ವನ ದೊಡ್ಡಿಯ ಹಿಕ್ಕೆಯನ್ನೂ ಒಯ್ದಳು.

ಅವೇ ಹುಳು. ಅಮಾವಾಸ್ಯೆ ತಪ್ಪದಂತೆ ಅವ್ವ ಔಷಧ ಕುಡಿಸಿ ಕುಡಿಸಿ, ಅವು ಔಷಧಕ್ಕೇ ಒಗ್ಗಿಹೋಗಿದ್ದವು. ಅವ್ವನ ಕುರಿಗಳ ಜೀವ ಗಟ್ಟಿ. ಹುಳು ಹೊತ್ತುಕೊಂಡೇ ಬಾಳುತ್ತಿದ್ದವು. ಅವು ಹಿಕ್ಕೆ ಹಾಕಿದಲ್ಲಿ ಮೇದ ಬೇರೆಯವರ ಕುರಿಗಳು ತಡೆಯಲಿಲ್ಲ.

ಅಂದಿನಿಂದ ಅರ್ಚನಾಳಿಗೆ ದೊಡ್ಡವ್ವನ ಕೂಗು ಬೆನ್ನು ಬಿಟ್ಟಿಲ್ಲ. ಹಗಲೆಲ್ಲ ಮಂದಿಯ ಕಬ್ಬು ಕಡಿದು ಬರುವ ಉದ್ದವ್ವ, ಇವತ್ತಿಗೂ ಸಂಜೆ ದೊಡ್ಡಿಯ ಮುಂದೆ ನಿಂತು ಸತ್ತ ಕುರಿಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಾಳೆ. ಕರೆಗೆ ಓಗೊಟ್ಟು ಬರುವುದು ಅವ್ವ ಕೊಟ್ಟ ಕುರಿಯೊಂದೇ. ಪ್ರಯೋಗಾಲಯದಲ್ಲಿ ಹುಳು ನೋಡುತ್ತ ಕೂತರೂ ಅರ್ಚನಾಳ ಕಿವಿಯಲ್ಲಿ ಅದೇ ಕೂಗು.

"ಯವ್ವಾ, ಕುರಿ ಕೊಡಬ್ಯಾಡ."

"ನಿನ್ನ ಬಾಯಾಗ ಮಣ್ಣ ಬೀಳ್ಲಿ! ಒಡಹುಟ್ಟಿದ ತಮ್ಮಗ ಇಲ್ಲ ಅನ್ಲೇನ?"

"ನಮ್ಮ ಕುರಿ ಹೊಟ್ಟ್ಯಾಗಿನ ಹುಳಾ ಯಾವ ಔಷಧಕ್ಕೂ ಸಾಯಂಗಿಲ್ಲ. ಪರೀಕ್ಷಾ ಮಾಡಿ ನೋಡೇನಿ."

"ಮತ್ತ ನಮ್ಮವು ಹೆಂಗ ಗಟ್ಟಿಮುಟ್ಟ ಅದಾವು?"

"ನಮ್ಮವು ತಡಕೊಂತಾವು. ಮಂದಿವು ತಡಕೊಳ್ಳಂಗಿಲ್ಲ."

ಹಣಮವ್ವನ ಕೈ ಕುರಿಯ ಹಣೆಯ ಮೇಲೆಯೇ ನಿಂತಿತು.

"ಉದ್ದಕ್ಕನ ಹಿಂಡ?"

ಅಲ್ಲವೆಂದು ಒಂದು ಸುಳ್ಳು ಹೇಳಿದ್ದರೆ ಮುದುಕಿ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದಳು. ಆದರೆ ಹೊರಗೆ ಗಾಡಿ ನಿಂತಿತ್ತು.

"ಹೂಂ. ಅದೂ ನಮ್ಮ ಕುರಿಯಿಂದನ, ಯವ್ವಾ."

"ಅಕ್ಕಾ, ಹೊತ್ತಾತು!" ಹೊರಗಿನಿಂದ ಬೀರಸಿದ್ದಪ್ಪ ಕೂಗಿದ. "ನಿನ್ನ ಕೈಲೆ ಕೊಟ್ಟರ ಸಾಕು, ನನ್ನ ದೊಡ್ಡಿ ತುಂಬತೈತಿ."

ಹಣಮವ್ವ ಸೆರಗಿನ ತುದಿ ನೀರಿಗೆ ಅದ್ದಿ ಕುರಿಯ ಹಣೆ ಒರೆಸಿದಳು. ಉಣ್ಣೆಗೆ ಹತ್ತಿದ ಭಂಡಾರ ಹೋಗಲಿಲ್ಲ. ಮತ್ತೆ ಮತ್ತೆ ತಿಕ್ಕಿದಳು. ಕುರಿ ಎಂದಿನ ಸಲಿಗೆಯಲ್ಲಿ ಅವಳ ಅಂಗೈ ನೆಕ್ಕಿತು. ಕೊನೆಗೆ ಅದನ್ನು ಅಲ್ಲೇ ಬಿಟ್ಟು ಎದ್ದು ಹೊರಗೆ ಹೋದಳು.

"ಎಲ್ಲೆ ಅಕ್ಕಾ, ಕುರಿ?" ಬೀರಸಿದ್ದಪ್ಪ ನಗುನಗುತ್ತ ಕೈ ಚಾಚಿದ.

"ಕೊಡಂಗಿಲ್ಲೋ, ತಮ್ಮಾ," ಎಂದ ಹಣಮವ್ವ, ಹಳದಿ ಹತ್ತಿದ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.